ಓವನ್ ಎಲ್ಲಿದೆ?

ಆ ದಿನ ಸಂಜೆ ಐದಕ್ಕೆ ಕೊನೆಯ ಗಡುವು. ನಾಲ್ಕೂಮುಕ್ಕಾಲಿಗೆ ನಾವು ನಾಲ್ವರು ಪ್ರಿನ್ಸಿಪಾಲರ ಚೇಂಬರ್ ಮುಂದಿನ ಬೆಂಚಿನ ಮೇಲೆ ಕುಳಿತಿದ್ದೆವು. ಒಳಗೆ ಕುರ್ಚಿ ಖಾಲಿ. ಸರ್ ಯಾವುದೋ ಮೀಟಿಂಗ್‌ಗೆ ಹೋಗಿದ್ದರು. ಅವರ ಟೇಬಲ್ ಮೇಲಿನ ಟ್ರೇಯಲ್ಲಿ, ಸ್ನೇಹ ಸಮ್ಮೇಳನದ ಖರ್ಚಿನ ಫೈಲಿನ ಕೆಳಗೆ, ನಮ್ಮ ಆರು ಹಾಳೆಯ ಪ್ರಸ್ತಾವನೆ ಆರು ದಿನಗಳಿಂದ ಮಲಗಿತ್ತು. ಅದಕ್ಕೆ ಬೇಕಿದ್ದದ್ದು ಒಂದು ಸಹಿ, ಒಂದು ಸೀಲು.

ಐದಾಯಿತು. ಐದೂವರೆಯೂ ಆಯಿತು. ಸಿಪಾಯಿ ಕಾಕಾ ಬಂದು ಲೈಟ್ ಆರಿಸುತ್ತ, ‘ನಾಳೆ ಬರ್ರೆಪಾ, ಸಾಹೇಬ್ರು ಇವತ್ತ ಬರೂದಿಲ್ಲ’ ಎಂದರು. ನಾಳೆ ಬಂದು ಮಾಡುವುದಾದರೂ ಏನಿತ್ತು?

ಅಂದು ನನಗೆ ಬಂದ ಸಿಟ್ಟನ್ನೇ ಬರೆದಿದ್ದರೆ ಈ ಲೇಖನ ಬರೀ ಬೈಗುಳವಾಗುತ್ತಿತ್ತು. ಎರಡು ತಿಂಗಳು ತಡವಾಗಿ ಬರೆಯುತ್ತಿದ್ದೇನೆ. ನಡುವೆ ಒಂದಿಷ್ಟು ತಿಳಿಯಿತು.

ನಾಲ್ಕು ಊರಿನ ನಾಲ್ವರು

ನಮ್ಮ ಕ್ಲಾಸಿನಲ್ಲಿ ಹೆಸರಿಗಿಂತ ಊರಿನ ಹೆಸರೇ ಹೆಚ್ಚು ಓಡುತ್ತದೆ. ನಾನು ಬೈಲಹೊಂಗಲ. ಊರು ಎಂದರೆ ಪೇಟೆಯಲ್ಲ, ಪಕ್ಕದ ಹಳ್ಳಿ. ನನ್ನ ಪಕ್ಕ ಕೂರುವವಳು ಕಿತ್ತೂರು. ಅದಕ್ಕೇ ಯಾವ ಆಫೀಸಿಗೆ ಹೋಗಿ ಯಾರನ್ನು ಕೇಳಬೇಕಾದರೂ ‘ಏ ಚೆನ್ನಮ್ಮಾ, ನೀ ಮುಂದ ನಡಿ’ ಎಂದು ಅವಳನ್ನೇ ತಳ್ಳುತ್ತೇವೆ. ಸವದತ್ತಿಯವನ ಮನೆಯವರದು ಎಲ್ಲಮ್ಮನ ಗುಡ್ಡದಲ್ಲಿ ಕುಂಕುಮ, ಭಂಡಾರದ ಅಂಗಡಿ. ಚಿಲ್ಲರೆ ಲೆಕ್ಕದಲ್ಲಿ ಅವನು ತಪ್ಪುವುದಿಲ್ಲ, ಹಾಗಾಗಿ ಬಜೆಟ್ ಬರೆಯುವ ಕೆಲಸ ಅವನದು. ರಾಮದುರ್ಗದವನು ನೇಕಾರರ ಮನೆಯವನು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಂದಾಗ ಅವರ ಮಗ್ಗದ ಕುಣಿಯಲ್ಲೂ ನೀರು ನಿಂತಿತ್ತು. ‘ನೂಲಿಗೆ ನೀರು ಹತ್ತಿದರ ಏನಾಕ್ಕತಿ ಅಂತ ನನಗ ಹೇಳಬ್ಯಾಡ್ರಿ’ ಎನ್ನುತ್ತಾನೆ.

ಈ ಮಾತಿನಿಂದಲೇ ನಮ್ಮ ಪ್ರಾಜೆಕ್ಟ್ ಹುಟ್ಟಿತು. ನಮ್ಮಪ್ಪ ಹತ್ತಿ ಬೆಳೆಯುತ್ತಾರೆ. ಚಿಕ್ಕವಳಿದ್ದಾಗ ಅವರ ಜೊತೆ ಟ್ರ್ಯಾಕ್ಟರ್ ಏರಿ ಪೇಟೆಗೆ ಹೋಗಿದ್ದೇನೆ. ಕೊಳ್ಳುವವರು ಬಂದು, ಹತ್ತಿಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಒಂದು ಹಿಡಿ ಹೊರತೆಗೆದು, ಹಿಂಡಿ ನೋಡಿ, ‘ತೇವ ಐತಿ’ ಎನ್ನುತ್ತಿದ್ದರು. ಅಷ್ಟೇ. ಆ ಎರಡು ಮಾತಿಗೆ ಕ್ವಿಂಟಲ್ ಬೆಲೆ ಇಳಿಯುತ್ತಿತ್ತು. ಎಷ್ಟು ತೇವ ಎಂದು ಅಪ್ಪ ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ.

ಭಾರತೀಯ ಹತ್ತಿ ನಿಗಮ ಬೆಂಬಲ ಬೆಲೆಗೆ ಕೊಳ್ಳುವಾಗ ಇದಕ್ಕೊಂದು ಲೆಕ್ಕವಿದೆ. ಶೇ 8ರಷ್ಟು ತೇವಾಂಶವಿದ್ದರೆ ಪೂರ್ತಿ ಬೆಲೆ, ಅದಕ್ಕಿಂತ ಹೆಚ್ಚಿದ್ದರೆ ಕಡಿತ, ಶೇ 12 ದಾಟಿದರೆ ಖರೀದಿಯೇ ಇಲ್ಲ. ನೂರು ಕಿಲೋದಲ್ಲಿ ಎಂಟು ಕಿಲೋ ನೀರೋ ಹನ್ನೆರಡು ಕಿಲೋ ನೀರೋ ಎನ್ನುವುದನ್ನು ಕೈಯಿಂದ ಹಿಂಡಿ ಹೇಳಲು ಆಗುತ್ತದೆಯೇ? ಒಣ ಹತ್ತಿ ವಿದ್ಯುತ್ತನ್ನು ಹೆಚ್ಚೂಕಡಿಮೆ ಬಿಡುವುದೇ ಇಲ್ಲ. ತೇವ ಏರಿದಂತೆ ಅದರ ರೋಧ ಬಹಳ ಬೇಗ ಇಳಿಯುತ್ತದೆ. ಎರಡು ಸೂಜಿ ಚುಚ್ಚಿ ಆ ರೋಧವನ್ನು ಅಳೆದರೆ ತೇವಾಂಶದ ಅಂದಾಜು ಸಿಗುತ್ತದೆ. ಇದು ನಮ್ಮ ಶೋಧವೇನಲ್ಲ, ಇಂಥ ಮೀಟರ್‌ಗಳು ಈಗಾಗಲೇ ಇವೆ. ಆದರೆ ಅವು ಕೊಳ್ಳುವವರ ಕೈಯಲ್ಲಿರುತ್ತವೆ, ಮಾರುವವರ ಕೈಯಲ್ಲಲ್ಲ. ರೈತ ಮನೆಯಿಂದ ಹೊರಡುವ ಮೊದಲೇ ತಾನೇ ನೋಡಿಕೊಳ್ಳುವಂಥ ಅಗ್ಗದ ಮೀಟರ್ ಮಾಡಬೇಕು ಎನ್ನುವುದಷ್ಟೇ ನಮ್ಮ ಆಸೆ.

ಪೆನ್ಸಿಲ್‌ನಲ್ಲಿ ಬಂದ ಪ್ರಶ್ನೆ

ನಮ್ಮ ರಾಜ್ಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇಂಥ ಆಸೆಗೆ ಹಣ ಕೇಳಲು ಒಂದು ಜಾಗವಿದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಎಲ್ಲರೂ ಕರೆಯುವುದು ಕೆಎಸ್‌ಸಿಎಸ್‌ಟಿ ಎಂದು. 1975ರಲ್ಲಿ ಹುಟ್ಟಿದ ಈ ಮಂಡಳಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದೆ. ಎಪ್ಪತ್ತರ ದಶಕದಿಂದಲೂ ಅದು ‘ಸ್ಟೂಡೆಂಟ್ ಪ್ರಾಜೆಕ್ಟ್ ಪ್ರೋಗ್ರಾಂ’ ನಡೆಸುತ್ತಿದೆ. ಮೊದಲು ಸಿನಾಪ್ಸಿಸ್, ಅಂದರೆ ಪ್ರಾಥಮಿಕ ಪ್ರಸ್ತಾವನೆ ಕಳಿಸಬೇಕು. ಆಯ್ಕೆಯಾದರೆ ಕೆಲವು ಸಾವಿರ ರೂಪಾಯಿ ಸಿಗುತ್ತದೆ. ಆಮೇಲೆ ಪರಿಣತರು ಬಂದು ಕೆಲಸ ನೋಡುತ್ತಾರೆ, ಚೆನ್ನಾಗಿದ್ದರೆ ರಾಜ್ಯಮಟ್ಟದ ಪ್ರದರ್ಶನಕ್ಕೆ ಕರೆ ಬರುತ್ತದೆ. ಆದರೆ ವಿದ್ಯಾರ್ಥಿ ನೇರವಾಗಿ ಕಳಿಸುವಂತಿಲ್ಲ. ಗೈಡ್, ವಿಭಾಗದ ಮುಖ್ಯಸ್ಥರು, ಪ್ರಿನ್ಸಿಪಾಲರು, ಈ ಮೂರು ಬಾಗಿಲು ದಾಟಿಯೇ ಹೋಗಬೇಕು.

ಮೊದಲ ಬಾಗಿಲು ಸಲೀಸು. ಗೈಡ್ ಮೇಡಂ ನಮ್ಮ ಜೊತೆಗೇ ಕೂತು ಬರೆಸಿದ್ದರು. ಎರಡನೆಯದರಲ್ಲಿ ಸಿಕ್ಕಿಬಿದ್ದೆವು. ಎಚ್‌ಒಡಿ ಸರ್ ಎರಡು ದಿನ ಇಟ್ಟುಕೊಂಡು, ಸಹಿ ಹಾಕದೆ ವಾಪಸ್ ಕೊಟ್ಟರು. ಮೂರನೇ ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿದ್ದರು: ‘ಓವನ್ ಎಲ್ಲಿದೆ?’

ನಮ್ಮ ಮೀಟರ್ ತೋರಿಸುವ ಸಂಖ್ಯೆ ಸರಿಯೋ ತಪ್ಪೋ ಎಂದು ನೋಡಲು ಒಂದೇ ದಾರಿ. ಒಂದು ಹಿಡಿ ಹತ್ತಿ ತೂಗಬೇಕು, ಸುಮಾರು 105 ಡಿಗ್ರಿ ಶಾಖದಲ್ಲಿ ಒಣಗಿಸಬೇಕು, ಮತ್ತೆ ತೂಗಬೇಕು. ಕಡಿಮೆಯಾದ ತೂಕವೇ ನೀರು. ನಾವು ‘ಓವನ್‌ನಲ್ಲಿ ಒಣಗಿಸಲಾಗುವುದು’ ಎಂದು ಠೀವಿಯಿಂದ ಬರೆದಿದ್ದೆವು. ಬಜೆಟ್‌ನಲ್ಲಿ ‘ಟೆಸ್ಟಿಂಗ್ ಚಾರ್ಜಸ್ 2,400 ರೂಪಾಯಿ’ ಎಂದೂ ಇತ್ತು. ಎಲ್ಲಿಯ ಟೆಸ್ಟಿಂಗ್, ಯಾರಿಗೆ ಚಾರ್ಜಸ್? ಸವದತ್ತಿಯ ಲೆಕ್ಕಪಟುವಿಗೂ ಗೊತ್ತಿರಲಿಲ್ಲ. ಬೇರೆ ಯಾರದೋ ರಿಪೋರ್ಟ್ ನೋಡಿ ಹಾಕಿದ್ದ ಅಂಕಿ ಅದು.

ನಮಗೆ ಸಿಟ್ಟು ಬಂತು. ಪಕ್ಕದ ಟೀಮಿನವರ ಪ್ರಸ್ತಾವನೆಗೆ ಅವರ ವಿಭಾಗದಲ್ಲಿ ಎರಡೇ ನಿಮಿಷದಲ್ಲಿ ಸಹಿಯಾಗಿತ್ತು. ‘ಇದು ಬರೇ ಪ್ರಾಥಮಿಕ ಐತಿ, ಈಗs ಓವನ್ ಯಾಕ ಬೇಕ್ರೀ ಇವರಿಗೆ?’ ಎಂದು ಕಿತ್ತೂರಿನವಳು ಕ್ಯಾಂಟೀನಿನಲ್ಲಿ ಟೇಬಲ್ ಗುದ್ದಿದಳು.

ಆದರೂ ಓವನ್ ಹುಡುಕಬೇಕಿತ್ತಲ್ಲ. ಮೊದಲು ಊರಲ್ಲೆಲ್ಲ ವಿಚಾರಿಸಿದೆವು. ಕೊನೆಗೆ ಲ್ಯಾಬ್ ಅಟೆಂಡರ್ ಒಬ್ಬರು, ‘ನಮ್ಮ ಸಿವಿಲ್‌ನಾಗ ಐತಲ್ಲಾ’ ಎಂದರು. ನಮ್ಮದು ಎಲೆಕ್ಟ್ರಾನಿಕ್ಸ್. ಮೂರೂವರೆ ವರ್ಷ ಅದೇ ಕ್ಯಾಂಪಸ್‌ನಲ್ಲಿ ಓಡಾಡಿದ್ದರೂ ಸಿವಿಲ್ ವಿಭಾಗದ ಮಣ್ಣಿನ ಲ್ಯಾಬ್‌ಗೆ ನಾವು ಕಾಲಿಟ್ಟಿರಲಿಲ್ಲ. ಮಣ್ಣಿನಲ್ಲಿ ಎಷ್ಟು ನೀರಿದೆ ಎಂದು ನೋಡಲು ಅವರು ಬಳಸುವುದೂ ಅದೇ ವಿಧಾನ, ತೂಗು, ಒಣಗಿಸು, ಮತ್ತೆ ತೂಗು. ಓವನ್ ಶಾಖವೂ ಅದೇ 105ರಿಂದ 110 ಡಿಗ್ರಿ! ಪಕ್ಕದಲ್ಲೇ ಸೂಕ್ಷ್ಮ ತಕ್ಕಡಿ. ಅಲ್ಲಿನ ಸರ್ ಒಂದು ಸಾಲಿನ ಒಪ್ಪಿಗೆ ಪತ್ರ ಬರೆದುಕೊಟ್ಟು, ಹಸಿ ಮಣ್ಣಿಗೂ ಹಸಿ ಹತ್ತಿಗೂ ಇರುವ ವ್ಯತ್ಯಾಸವನ್ನು ಅರ್ಧ ತಾಸು ಹೇಳಿಕೊಟ್ಟರು. ನಮ್ಮ 7,200 ರೂಪಾಯಿಯ ಬಜೆಟ್ 4,800ಕ್ಕೆ ಇಳಿಯಿತು.

ಪತ್ರ ಲಗತ್ತಿಸಿ ಕೊಟ್ಟ ದಿನವೇ ಎಚ್‌ಒಡಿ ಸಹಿ ಹಾಕಿದರು. ಗಡುವಿಗೆ ಇನ್ನೂ ಆರು ದಿನ ಇತ್ತು. ಫೈಲು ಪ್ರಿನ್ಸಿಪಾಲರ ಚೇಂಬರ್‌ಗೆ ಹೋಯಿತು. ಮುಂದಿನದು ನಿಮಗೆ ಗೊತ್ತು.

‘ಪತ್ರ ಬರೂದು ನಮಗ ಯವ್ವಾ’

ಮರುದಿನ ಬೆಳಿಗ್ಗೆ ಜಗಳವಾಡಲೆಂದೇ ಆಫೀಸಿಗೆ ಹೋದೆವು. ಸುಪರಿಂಟೆಂಡೆಂಟ್ ಸರ್ ಹಳಬರು. ನಮ್ಮ ಮಾತೆಲ್ಲ ಮುಗಿಯುವವರೆಗೆ ಸುಮ್ಮನಿದ್ದರು. ಫೈಲು ಬಿದ್ದಿದ್ದು ತಪ್ಪೆಂದು ಒಪ್ಪಿಕೊಂಡರು. ‘ಬಂದ ತಾರೀಖು ಬರೀಲಿಕ್ಕೆ ರಿಜಿಸ್ಟರ್ ಇರಲಿಲ್ಲ. ಯಾವುದಕ್ಕ ಯಾವ ಗಡುವು ಅಂತ ನಮಗೂ ತಿಳೀಲಿಲ್ಲ’ ಎಂದರು. ಆಮೇಲೆ ನನ್ನತ್ತ ತಿರುಗಿ ಕೇಳಿದರು:

‘ಈ ಸಹಿ ಅಂದ್ರ ಏನಂತ ತಿಳಕೊಂಡೀ ಯವ್ವಾ? ನಾಳೆ ನೀ ಪಾಸಾಗಿ ಬೆಂಗಳೂರಿಗೆ ಹೋಗಿಬಿಡ್ತಿ. ರೊಕ್ಕ ಎಲ್ಲಿ ಹೋತು ಅಂತ ಕೇಳಿ ಪತ್ರ ಬರೂದು ನಮಗ.’

ಹಿಂದೊಮ್ಮೆ ಹೀಗಾಗಿತ್ತಂತೆ. ಒಂದು ಟೀಮಿನ ಪ್ರಸ್ತಾವನೆಯನ್ನು ಯಾರೂ ಓದದೆ ಸಹಿ ಮಾಡಿ ಕಳಿಸಿದರು. ಅನುದಾನವೂ ಬಂತು. ಆಮೇಲೆ ನೋಡಿದರೆ ಬಜೆಟ್‌ನಲ್ಲಿ ಬರೆದ ಸಾಮಾನೇ ಬೇರೆ, ಬೇಕಾಗಿದ್ದ ಸಾಮಾನೇ ಬೇರೆ. ಹುಡುಗರು ತಂದ ಬಿಲ್ಲು ಕಾಲೇಜಿನ ಹೆಸರಿನಲ್ಲಿರಲಿಲ್ಲ. ಸರಿಪಡಿಸುವಷ್ಟರಲ್ಲಿ ಪರೀಕ್ಷೆ ಬಂತು, ಹುಡುಗರು ಹೋದರು. ಹಣ ಖಾತೆಯಲ್ಲೇ ಉಳಿದು ಕೊನೆಗೆ ವಾಪಸ್ ಹೋಯಿತು. ಎರಡು ನಿಮಿಷದ ಸಹಿಯ ಫಲ ಅದು.

ಆ ಹೊತ್ತಿಗೆ ನನಗೆ ಅರ್ಥವಾಗಿದ್ದಿಷ್ಟು. ಪ್ರಿನ್ಸಿಪಾಲರ ಸಹಿ ನಮಗೆ ತೋರಿಸುವ ದಯೆಯೂ ಅಲ್ಲ, ಬರೀ ಶಿಷ್ಟಾಚಾರವೂ ಅಲ್ಲ. ಹಣ ಕೊಡುವವರಿಗೆ ಕಾಲೇಜು ಕೊಡುವ ಮಾತು ಅದು. ಈ ವಿದ್ಯಾರ್ಥಿಗಳು ನಮ್ಮವರು, ಈ ಗೈಡ್ ನಮ್ಮವರು. ಅವರು ಬರೆದ ಉಪಕರಣ ನಮ್ಮಲ್ಲಿದೆ ಅಥವಾ ಒದಗಿಸುತ್ತೇವೆ. ಹಣ ನಮ್ಮ ಖಾತೆಗೆ ಬರುತ್ತದೆ, ಲೆಕ್ಕ ನಾವು ಕೊಡುತ್ತೇವೆ. ಗೈಡ್ ಕೆಲಸ ಬಿಟ್ಟು ಹೋದರೂ ಪ್ರಾಜೆಕ್ಟ್ ಬೀಳಲು ಬಿಡುವುದಿಲ್ಲ. ಇಷ್ಟೆಲ್ಲ ಆ ಒಂದು ಗೀಟಿನಲ್ಲಿದೆ.

ದೊಡ್ಡವರ ಲೋಕದಲ್ಲೂ ಇದೇ ನಿಯಮ. ಕೇಂದ್ರ ಸರ್ಕಾರದ ಸಂಶೋಧನಾ ಅನುದಾನ ಕೇಳುವ ಪ್ರೊಫೆಸರ್ ಕೂಡ ತಮ್ಮ ಸಂಸ್ಥೆಯ ಮುಖ್ಯಸ್ಥರ ಒಪ್ಪಿಗೆ ಪತ್ರ ಲಗತ್ತಿಸಬೇಕು. ಖರ್ಚಾದ ಮೇಲೆ 2017ರ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯಲ್ಲಿ ಹಣ ಬಳಕೆ ಪ್ರಮಾಣಪತ್ರ ಹೋಗಬೇಕು. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಅನುದಾನ ಸಾಮಾನ್ಯವಾಗಿ ಸಿಗುವುದು ವಿಜ್ಞಾನಿಗಲ್ಲ, ಅವರ ವಿಶ್ವವಿದ್ಯಾಲಯಕ್ಕೆ. ಅರ್ಜಿ ಕಳಿಸುವ ಅಧಿಕಾರವೂ ವಿಶ್ವವಿದ್ಯಾಲಯ ಗೊತ್ತುಮಾಡಿದ ಅಧಿಕಾರಿಯದು. ಅದಕ್ಕೇ ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ಹೊರಗಿನ ಗಡುವಿಗೆ ಕೆಲವು ಕೆಲಸದ ದಿನ ಮೊದಲೇ ತಮ್ಮದೊಂದು ಒಳಗಿನ ಗಡುವು ಇಟ್ಟುಕೊಂಡಿವೆ. ಆ ದಿನಗಳು ಇರುವುದೇ ಓದುವುದಕ್ಕೆ.

ಟಾಟಾ ಅವರ ಫೈಲೂ ಕಾದಿತ್ತು

ನಮ್ಮ ಪ್ರಸ್ತಾವನೆ ತಲುಪಬೇಕಿದ್ದ ವಿಳಾಸದ ಕಥೆಯೇ ಸ್ವಾರಸ್ಯವಾಗಿದೆ. ಬೆಂಗಳೂರಿನ ಜನ ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು ಕಾಲಕ್ಕೆ ಬರೀ ಪ್ರಸ್ತಾವನೆಯಾಗಿತ್ತು. ಜೆಮ್‌ಸೆಟ್‌ಜಿ ಟಾಟಾ ಅವರ ಯೋಜನೆಯ ಕರಡು ಹೊಸ ವೈಸರಾಯ್ ಕರ್ಜನ್ ಅವರ ಮುಂದೆ ಹೋದದ್ದು 1898ರ ಡಿಸೆಂಬರ್ 31ರಂದು. ಅಂತಿಮ ಆದೇಶ ಬಂದದ್ದು 1909ರ ಮೇ 27ರಂದು. ಹತ್ತು ವರ್ಷಕ್ಕೂ ಹೆಚ್ಚು! ಟಾಟಾ 1904ರಲ್ಲೇ ತೀರಿಕೊಂಡಿದ್ದರು.

ಆ ಹತ್ತು ವರ್ಷವೆಲ್ಲ ವ್ಯರ್ಥವೇ? ಪೂರ್ತಿ ಅಲ್ಲ. ಇಂಗ್ಲೆಂಡಿನಿಂದ ರಸಾಯನ ವಿಜ್ಞಾನಿ ವಿಲಿಯಂ ರ‍್ಯಾಮ್ಸೆ ಬಂದು ದೇಶ ಸುತ್ತಿ, ಸಂಸ್ಥೆಗೆ ಬೆಂಗಳೂರೇ ತಕ್ಕ ಜಾಗ ಎಂದರು. ಇಲ್ಲಿ ಕಲಿತವರಿಗೆ ಕೆಲಸ ಎಲ್ಲಿದೆ ಎಂಬ ಪ್ರಶ್ನೆಯೂ ಎದ್ದಿತು. ಮೈಸೂರು ಸಂಸ್ಥಾನ ಮುನ್ನೂರೆಪ್ಪತ್ತಕ್ಕೂ ಹೆಚ್ಚು ಎಕರೆ ಜಮೀನು ಕೊಟ್ಟಿತು. ಯಾರೋ ಓದಿ, ಬಂದು ನೋಡಿ, ಪ್ರಶ್ನೆ ಕೇಳಿದ್ದರಿಂದಲೇ ಅದು ನಮ್ಮ ರಾಜ್ಯಕ್ಕೆ ಬಂತು. ಜೊತೆಗೆ, ಕಾಗದಗಳು ಸುಮ್ಮನೆ ಓಡಾಡುತ್ತ ಕಳೆದ ವರ್ಷಗಳೂ ಇದ್ದವು. ಕನಸು ಕಂಡವರು ಅದನ್ನು ನೋಡದೇ ಹೋದರು.

ಇದನ್ನು ಓದಿದಾಗ ನನ್ನ ಸಿಟ್ಟು ಎರಡು ಪಾಲಾಯಿತು. ತಡದಲ್ಲಿ ಎರಡು ಬಗೆ. ಓದುವುದಕ್ಕೆ ಆಗುವ ತಡ ಒಂದು, ಓದದೆ ಬಿದ್ದಿರುವುದಕ್ಕೆ ಆಗುವ ತಡ ಇನ್ನೊಂದು. ಎಚ್‌ಒಡಿ ಸರ್ ತೆಗೆದುಕೊಂಡ ಎರಡು ದಿನ ನಮಗೆ ಓವನ್ ಕೊಟ್ಟಿತು, 2,400 ರೂಪಾಯಿ ಉಳಿಸಿತು, ಸಿವಿಲ್ ವಿಭಾಗದಲ್ಲಿ ಒಬ್ಬ ಗುರುಗಳನ್ನು ಕೊಟ್ಟಿತು. ಟ್ರೇಯಲ್ಲಿ ಹೋದ ಆರು ದಿನ ಏನನ್ನೂ ಕೊಡಲಿಲ್ಲ. ನಾವು ಮಾತ್ರ ಎರಡನ್ನೂ ಒಂದೇ ಹೆಸರಿನಿಂದ ಬೈಯುತ್ತಿದ್ದೆವು.

ಇನ್ನೊಂದು ಮಾತು. ‘ಪ್ರಾಥಮಿಕ ತಾನೇ, ಹಾಕಿಬಿಡಿ’ ಎನ್ನುವುದು ನಾವು, ಮೇಷ್ಟ್ರು ಎಲ್ಲರೂ ಮಾಡುವ ತಪ್ಪು. ಪ್ರಾಥಮಿಕ ಹಂತದಲ್ಲೇ ಪ್ರಶ್ನೆ ಅಗ್ಗ. ಆಗ ಕಾಗದದ ಮೇಲೆ ಇರುವುದು ಮಾತು ಮಾತ್ರ, ಪೆನ್ಸಿಲ್ ಗೀಟು ಸಾಕು. ಹಣ ಬಂದ ಮೇಲೆ ಅದೇ ಪ್ರಶ್ನೆ ಆಡಿಟ್ ಆಕ್ಷೇಪಣೆಯಾಗಿ ಬರುತ್ತದೆ. ಓದದೆ ಹಾಕಿದ ಸಹಿಗೂ, ಹಿಂಡಿ ನೋಡಿ ‘ತೇವ ಐತಿ’ ಎನ್ನುವ ಕೈಗೂ ಏನು ವ್ಯತ್ಯಾಸ? ಎರಡರಲ್ಲೂ ಯಾರೂ ಅಳೆದಿರುವುದಿಲ್ಲ.

ನಾವು ಬರೆದ ಪತ್ರ

ಜಗಳದ ಬದಲು ಒಂದು ಪುಟದ ಪತ್ರ ಬರೆದು ಪ್ರಿನ್ಸಿಪಾಲರನ್ನು ಭೇಟಿಯಾದೆವು. ಮುಂದೆ ನಡೆದವಳು ಯಥಾಪ್ರಕಾರ ಕಿತ್ತೂರು. ಕೇಳಿದ್ದು ಮೂರೇ. ಹೊರಗಿನ ಗಡುವಿಗೆ ಹತ್ತು ದಿನ ಮೊದಲು ಕಾಲೇಜಿನದೇ ಒಂದು ಗಡುವು ಇರಲಿ, ಅದನ್ನು ನೋಟಿಸ್ ಬೋರ್ಡಿಗೆ ಹಾಕಲಿ. ಪ್ರಸ್ತಾವನೆ ಒಳಬಂದ ತಾರೀಖು ರಿಜಿಸ್ಟರ್‌ನಲ್ಲಿ ಬರಲಿ, ಸಾಹೇಬರು ಊರಲ್ಲಿಲ್ಲದಾಗ ಯಾರು ಸಹಿ ಮಾಡಬೇಕೆಂದು ಗೊತ್ತಿರಲಿ. ಸಹಿಗೆ ಮೊದಲು ಬೇರೆ ವಿಭಾಗದ ಒಬ್ಬ ಶಿಕ್ಷಕರೂ ಓದಲಿ.

ಸರ್ ಪತ್ರವನ್ನು ಎರಡು ಸಲ ಓದಿದರು. ‘ನಿಮ್ಮ ಫೈಲ್ ತಪ್ಪಿದ್ದು ನನಗ ಬ್ಯಾಸರ ಆಗೇತಿ’ ಎಂದರು. ಮೊದಲ ಎರಡಕ್ಕೆ ಅಲ್ಲೇ ಒಪ್ಪಿದರು. ಮೂರನೆಯದಕ್ಕೆ, ‘ಮೇಷ್ಟ್ರಿಗೆ ಪಾಠ, ಪೇಪರ್, ಇನ್‌ಸ್ಪೆಕ್ಷನ್ ಎಲ್ಲಾ ಐತಿ. ಓದ್ರಿ ಅಂತ ಹೇಳಬಹುದು, ಓದಸೂದು ಕಷ್ಟ’ ಎಂದು ನಕ್ಕರು. ಅದೂ ನಿಜವೇ. ಓದಲು ಹೊತ್ತು ಬೇಕು, ಆ ಹೊತ್ತು ಯಾರ ಟೈಮ್‌ಟೇಬಲ್‌ನಲ್ಲೂ ಇಲ್ಲ.

ನಮ್ಮ ಮೀಟರ್ ಏನಾಯಿತು ಎನ್ನುತ್ತೀರಾ? ನಿಲ್ಲಿಸಲಿಲ್ಲ. 4,800 ರೂಪಾಯಿಯನ್ನು ನಾಲ್ವರೂ 1,200ರಂತೆ ಹಂಚಿಕೊಂಡೆವು. ನನ್ನ ಪಾಲು ಕೊಡುವಾಗ ಅಪ್ಪ ಏನೂ ಕೇಳಲಿಲ್ಲ, ಕೇಳಿದ್ದು ಒಂದೇ: ‘ಹತ್ತಿ ಎಷ್ಟ ಬೇಕು ಯವ್ವಾ, ಒಂದ ಚೀಲ ಸಾಕೇನು?’ ಈಗ ಎಂಟನೇ ಸೆಮ್. ಓವನ್ ಲೆಕ್ಕಕ್ಕೂ ನಮ್ಮ ಮೀಟರಿಗೂ ಒಮ್ಮೊಮ್ಮೆ ಹೊಂದುತ್ತದೆ, ಒಮ್ಮೊಮ್ಮೆ ಇಲ್ಲ. ಹತ್ತಿಯನ್ನು ಸಡಿಲವಾಗಿ ತುಂಬಿದರೆ ಒಂದು ಸಂಖ್ಯೆ, ಒತ್ತಿ ತುಂಬಿದರೆ ಇನ್ನೊಂದು. ಒಂದೇ ಒತ್ತಡದಲ್ಲಿ ತುಂಬಲು ರಾಮದುರ್ಗದವನು ಪೈಪಿನ ತುಂಡಿಗೆ ತೂಕದ ಕಲ್ಲು ಕಟ್ಟಿ ಏನೋ ಮಾಡುತ್ತಿದ್ದಾನೆ.

ನೀವೂ ಇಂಥ ಪ್ರಸ್ತಾವನೆ ಬರೆಯುವವರಿದ್ದರೆ, ನಮ್ಮಿಂದ ಇಷ್ಟು ತೆಗೆದುಕೊಳ್ಳಿ. ಸಹಿಗೆ ಕೊಡುವ ಮೊದಲು ನಿಮ್ಮ ಬಜೆಟ್‌ನ ಪ್ರತಿ ಸಾಲಿಗೂ ‘ಎಲ್ಲಿದೆ? ಯಾರದು?’ ಎಂದು ನೀವೇ ಕೇಳಿಕೊಳ್ಳಿ. ನಿಮ್ಮ ಕಾಲೇಜಿನ ಬೇರೆ ವಿಭಾಗಗಳ ಲ್ಯಾಬ್‌ಗಳನ್ನು ಒಮ್ಮೆ ಸುತ್ತಿ ಬನ್ನಿ. ಫೈಲು ಒಳಗೆ ಕೊಟ್ಟ ದಿನ ಒಂದು ಪ್ರತಿಯ ಮೇಲೆ ತಾರೀಖಿನ ಸೀಲು ಹಾಕಿಸಿಕೊಳ್ಳಿ. ಮೂರನೇ ದಿನಕ್ಕೆ ಹೋಗಿ ಕೇಳಿ. ನಾವು ಐದು ದಿನ ಸಂಕೋಚಪಟ್ಟು ಸುಮ್ಮನಿದ್ದೆವು, ಅದು ನಮ್ಮ ತಪ್ಪು.

ಕಳೆದ ವಾರ ಇನ್ನೊಂದು ಸಂಸ್ಥೆಯ ಅನುದಾನಕ್ಕೆ ಮೂರನೇ ವರ್ಷದ ಜೂನಿಯರ್‌ಗಳು ಪ್ರಸ್ತಾವನೆ ಕೊಟ್ಟರು. ಅವರ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಒಳಬಂದ ತಾರೀಖು ಇತ್ತು. ಎರಡನೇ ದಿನಕ್ಕೆ ವಾಪಸ್ ಬಂತು. ಅವರಲ್ಲಿ ಒಬ್ಬಳು ಮುಖ ಸಣ್ಣ ಮಾಡಿಕೊಂಡು ನಮ್ಮ ಲ್ಯಾಬ್‌ಗೆ ಬಂದಳು. ‘ಅಕ್ಕಾ, ನಾಕು ಪ್ರಶ್ನೆ ಬರದು ತಿರುಗಿ ಕಳಿಸ್ಯಾರ. ಸಹಿ ಹಾಕಿಲ್ಲ.’

ಕಾಗದ ತೆಗೆದುಕೊಂಡು ನೋಡಿದೆ. ಅಂಚಿನ ತುಂಬ ಪೆನ್ಸಿಲ್ ಗೀಟು.

‘ಪ್ರಶ್ನೆ ಬಂದಾವೇನು?’ ಎಂದೆ. ‘ಹಂಗಾದ್ರ ಯಾರೋ ಓದ್ಯಾರ. ಕೂಡು, ಉತ್ತರ ಬರಿಯೂಣು.’